ಮರಿಗಳು ಕಾಲು ಕಚ್ಚುವ ತನಕ

ದೇವದುರ್ಗದ ಕಡೆ, ಕೃಷ್ಣೆಯ ದಂಡೆಯ ನಮ್ಮ ಊರಿನಲ್ಲಿ ಹೊಸ ನೀರು ಬಂತೆಂದರೆ ಬಲೆಗಳೆಲ್ಲ ಗಂಗವ್ವನ ಗುಡಿಯ ತೊಲೆಗೆ ಏರುತ್ತಿದ್ದವು. ತತ್ತಿ ಹೊತ್ತ ಮೀನು ಬಸುರಿ ಹೆಣ್ಣಿದ್ದಂತೆ, ಅದರ ಮೇಲೆ ಬಲೆ ಬೀಸಬಾರದೆಂಬುದು ಹಿರಿಯರ ಕಟ್ಟು. ಬಲೆ ಇಳಿಸುವ ಮಾತು ಮಾತ್ರ ಹೆಂಗಸರದು. ದಂಡೆಯ ನೀರಲ್ಲಿ ನಿಂತು ಪಾತ್ರೆ ತೊಳೆಯುವಾಗ ಹೊಸ ಮರಿಗಳು ಬಂದು ಕಾಲ್ಬೆರಳು ಕಚ್ಚಬೇಕು. "ಬಂದಾವ" ಎಂದು ಒಬ್ಬಳು ಹೇಳಿದರೆ ಸಾಕು, ಗಂಡಸರು ಮರುಮಾತಾಡುತ್ತಿರಲಿಲ್ಲ.

ಯುದ್ಧದ ಕಾಲ. ಮದುವೆಯಾಗಿ ಇನ್ನೂ ತವರಲ್ಲೇ ಇದ್ದ ನನ್ನನ್ನು ಕರೆದೊಯ್ಯಲು ಮರುದಿನ ರಾಯಚೂರಿನಿಂದ ಗಂಡನ ಮನೆಯವರು ಬರುವವರಿದ್ದರು. ಹೊರಡುವ ಮೊದಲು ನನಗೆ ಹಸಿಮೀನಿನ ಸಾರು ಉಣಿಸಬೇಕೆಂದು ಅವ್ವನ ಆಸೆ. ಬಲೆಗಳು ಇನ್ನೂ ತೊಲೆಯ ಮೇಲಿದ್ದವು.

ಸಂಜೆ ನೀರಿಗಿಳಿದು ನಿಂತೆ. ಪಕ್ಕದ ಮನೆಯ ಮುದುಕಿ ನಕ್ಕಳು.

"ಬಂದಾವ ಅಂತ ಅಂದುಬಿಡ ಬೇ. ನಾಳಿಗೆ ಹೋಗಾಕಿ, ನಿನ್ನ ಯಾರು ಕೇಳಾಕ ಬರ್ತಾರ?"

ಅವ್ವ ಕೊಡ ಹಿಡಿದು ದಂಡೆಯಲ್ಲಿ ನಿಂತು ನನ್ನ ಕಾಲನ್ನೇ ನೋಡುತ್ತಿದ್ದಳು. ಬೆರಳ ಸಂದಿಯಲ್ಲಿ ಮರಳು ಜಾರುತ್ತಿತ್ತು, ಮತ್ತೇನೂ ಇಲ್ಲ.

"ಇನ್ನಾ ಇಲ್ಲಬೇ ಯವ್ವಾ" ಎಂದೆ.

"ಇಲ್ಲಂದ್ರ ಇಲ್ಲ. ಗಂಗವ್ವನ ಮಕ್ಕಳು ನಿನ್ನ ಸಲುವಾಗಿ ಓಡಿ ಬರ್ತಾವೇನು? ಮ್ಯಾಲ ಬಾ, ಥಂಡಿ ಆದೀತು."

ಆ ದಿನ ಅವ್ವ ಒಣಮೀನು ಸುಟ್ಟು, ಹುಣಸೆ ಹಿಂಡಿ, ರೊಟ್ಟಿಯ ಜೊತೆ ಬಡಿಸಿದಳು. ಜೋಳವೇ ಇಲ್ಲದ ಮನೆಗಳಿದ್ದ ವರ್ಷ ಅದು. ನನ್ನ ತಾಟಿನಲ್ಲಿ ಬಿಸಿರೊಟ್ಟಿ ಇತ್ತಲ್ಲ, ದೇವರು ದೊಡ್ಡವನು.

ರಾಯಚೂರಿನ ಮನೆ ಪೇಟೆಯ ಸಂದಿಯಲ್ಲಿ. ಬಾವಿಯ ನೀರಿಗೆ ಪಾಳಿ ಹಚ್ಚಬೇಕು. ಗಂಡ ಒಳ್ಳೆಯವನು. ಅತ್ತೆ ಬೈದರೂ ನಾನು ಉಂಡ ಮೇಲೆಯೇ ಬೈಯುತ್ತಿದ್ದಳು, ಅದೂ ಪುಣ್ಯವೇ.

ಕೆಲವು ದಿನಕ್ಕೆ, ನಮ್ಮೂರಿನ ಒಣಮೀನು ತಂದು ಮಾರುವ ಸಾಬರು ಬಾಗಿಲಲ್ಲಿ ನಿಂತರು.

"ಬೇಟಿ, ನಿಮ್ಮವ್ವ ಹೇಳಿ ಕಳಿಸ್ಯಾಳ. ಮರಿ ಬಂದಾವಂತ, ಬಲಿ ಇಳಿಸ್ಯಾರಂತ."

"ಯಾರ ಕಾಲಿಗೆ ಬಂದ್ವಂತ್ರೀ?"

"ಆಕಿ ಕಾಲಿಗೇ. ನೀ ಬಂದಾಗಿಂದ ದಿನಾ ಹೊಳಿಯಾಗ ನಿಂದರ್ತಿದ್ಲಂತ."

ಹಸಿಮೀನು ಅಷ್ಟು ದೂರ ಬರುವಂತಿರಲಿಲ್ಲ. ಸುದ್ದಿ ಬಂತು. ಸಾಬರಿಗೆ ಕುಡಿಯಲು ನೀರು ಕೊಟ್ಟು, ಬಚ್ಚಲ ಕಲ್ಲಿನ ಮೇಲೆ ನಿಂತು ಕಾಲಿಗೆ ಒಂದು ತಂಬಿಗೆ ಸುರಿದುಕೊಂಡೆ. ಮೋರಿಗೆ ಹರಿದು ಹೋಯಿತು. ಇನ್ನೊಂದು ಸುರಿದೆ.

"ಸಾಕು ಬಿಡ! ಇದೇನು ಹೊಳಿ ಅಂತ ಮಾಡೀಯೇನು?" ಒಳಗಿನಿಂದ ಅತ್ತೆಯ ದನಿ.

ತಂಬಿಗೆ ಬೋರಲು ಹಾಕಿ ಒಳಗೆ ಹೋದೆ. ಕಾಲು ಮಾತ್ರ ಒರೆಸಿಕೊಳ್ಳಲಿಲ್ಲ.