ಬೀರುವಿನೊಳಗಿನ ನೀಲಿ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದರಿಂದ ಕಚೇರಿಯಲ್ಲಿ ಎಲ್ಲರಿಗೂ ಅವಳು ಟೇಪಮ್ಮ. ಕಟ್ಟಡಗಳ ನಕ್ಷೆ ಬರೆಯುವುದು ಕೆಲಸ. ಅಕ್ಕನ ಹೆರಿಗೆಗೆ ಹೋದವಳು ಮಗುವಿನ ಮುಖ ನೋಡುವ ಮೊದಲೇ ವಾರ್ಡಿನ ಕಿಟಕಿ ಅಳೆದಳೆಂದು ಭಾವ ಇಂದಿಗೂ ರೇಗಿಸುತ್ತಾರೆ.

ಚಪ್ಪಟೆ ತಾರಸಿ, ಗೋಡೆಯುದ್ದಕ್ಕೂ ಗಾಜು, ಒಳಗೂ ಹೊರಗೂ ಬರೀ ಬಿಳಿ. ಆ ಪುಟ್ಟ ಮನೆಯನ್ನು ವಾಸ್ತುಶಿಲ್ಪಿಯೊಬ್ಬರು ಹರೆಯದಲ್ಲಿ ತಮಗಾಗಿ ಕಟ್ಟಿಕೊಂಡಿದ್ದರು. ಹೊಸ ಬಗೆಯ ಮನೆಯೆಂದು ಆಗ ಜನ ಹುಡುಕಿಕೊಂಡು ಬಂದು ನೋಡುತ್ತಿದ್ದರಂತೆ. ಈಗ ಅವರಿಗೆ ವಯಸ್ಸಾಗಿತ್ತು, ಹೆಂಡತಿ ತೀರಿಕೊಂಡಿದ್ದರು, ರಸ್ತೆ ಅಗಲ ಮಾಡಲು ನಗರಸಭೆ ಮನೆಯ ಮೇಲೆ ಕಣ್ಣು ಹಾಕಿತ್ತು. ಅದರ ಬೆಲೆ ತಿಳಿದರೆ ಉಳಿಸಿಯಾರು ಎಂಬ ಆಸೆಯಿಂದ ಟೇಪಮ್ಮ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟತೊಡಗಿದಳು. ಸವೆದ ಹೊಸ್ತಿಲು, ತಾರಸಿಯ ಬಿರುಕು, ಅಡುಗೆಮನೆಗೆ ಇಳಿಯುವ ಎಳೆಬಿಸಿಲು, ಯಾವುದನ್ನೂ ಬಿಡಲಿಲ್ಲ. ಗೋಡೆಯೊಳಗೇ ಕೂರಿಸಿದ್ದ ಮುಚ್ಚಿದ ಬೀರುಗಳನ್ನು ಮಾತ್ರ ತೆರೆಯಲಿಲ್ಲ. ಕಣ್ಣಿಗೆ ಕಾಣದ್ದನ್ನು ಬರೆಯಬಾರದೆಂಬುದು ಕಸುಬಿನ ರೂಢಿ; ಕಂಡವರ ಬೀರುವಿಗೆ ಕೈಹಾಕುವುದು ಮರ್ಯಾದೆಯೂ ಅಲ್ಲ.

ನಗರಸಭೆಯ ಸಭೆಯಲ್ಲಿ ಪರದೆಯ ಮೇಲೆ ಮನೆ ಮೂಡಿದಾಗ ಅಧ್ಯಕ್ಷರು ಚಪ್ಪಾಳೆಯನ್ನೇ ತಟ್ಟಿಬಿಟ್ಟರು.

"ಎಷ್ಟು ಚೆನ್ನಾಗಿ ಮಾಡಿದೀಯಮ್ಮ! ಎಲ್ಲಾ ಇದರಲ್ಲೇ ಇದೆಯಲ್ಲ. ಇನ್ನು ಮನೆ ಹೋದ್ರೂ ಏನೂ ಹೋದಂಗಲ್ಲ ಬಿಡು."

ಅವಳ ಜಾಣತನವೇ ತಿರುಗುಬಾಣವಾಯಿತು. ಯಂತ್ರ ಬಂದು ಮನೆಯನ್ನು ನೆಲಸಮ ಮಾಡಿತು, ಅವಶೇಷವನ್ನೂ ಲಾರಿ ಹೊತ್ತೊಯ್ದಿತು. ಟೇಪಮ್ಮನಿಗೆ ಅನ್ನ ಸೇರದಾಯಿತು.

ಮನೆ ಕಳೆದುಕೊಂಡು ತಮ್ಮನ ಮನೆ ಸೇರಿದ್ದ ವಾಸ್ತುಶಿಲ್ಪಿ ಅಜ್ಜ ಒಂದು ದಿನ ಕಚೇರಿಗೆ ಬಂದರು, ಮನೆ ತೋರಿಸು ಎಂದರು. ಅವಳು ಪರದೆಯಲ್ಲಿ ಕೋಣೆಯಿಂದ ಕೋಣೆಗೆ ಕರೆದೊಯ್ದಳು. ಅಡುಗೆಮನೆ ಬಂದಾಗ ಅವರು ಬೆರಳಿಟ್ಟರು.

"ಈ ಬೀರು ತೆಗಿ, ಮಗಳೇ."

"ಒಳಗಡೆ ಏನೂ ಮಾಡಿಲ್ಲ, ಅಜ್ಜ."

"ನೋಡಿರ್ತೀಯ ಅಂದ್ಕೊಂಡಿದ್ದೆ." ಅಜ್ಜ ಪರದೆಯ ಮೇಲಿನ ಬೀರುವಿನ ಬಾಗಿಲನ್ನು ಬೆರಳಿಂದ ಸವರಿದರು. "ಮನೆಯೆಲ್ಲಾ ಬಿಳಿ ಇರಬೇಕು ಅಂತ ನನ್ನ ಹಟ. ನಿಮ್ಮನೆ ಆಸ್ಪತ್ರೆ ಥರ ಇದೆ ಅಂತ ನನ್ನವಳು ಬೈತಿದ್ಲು. ನಾನು ಊರಲ್ಲಿ ಇಲ್ದಾಗ ಇದರೊಳಗೆ ನೀಲಿ ಬಳಿದುಬಿಟ್ಟಿದ್ಲು. ಅವಳು ಹೋದ್ಮೇಲೆ ದಿನಾ ಬೆಳಿಗ್ಗೆ ಇದನ್ನ ತೆಗೆದು ನೋಡ್ತಾ ಕೂತಿರ್ತಿದ್ದೆ."

"ಯಾವ ನೀಲಿ ಹೇಳಿ, ಈಗಲೇ ಹಾಕ್ತೀನಿ," ಎಂದಳು ಟೇಪಮ್ಮ. ಇದಾದರೂ ತನ್ನ ಕೈಲಾದೀತು ಎಂದು ಅವಳ ಜೀವಕ್ಕೆ ಜೀವ ಬಂದಿತ್ತು.

ಒಂದು ನೀಲಿ ತೋರಿಸಿದಳು. ಅಲ್ಲ. ಇನ್ನೊಂದು. ಅದೂ ಅಲ್ಲ, ಸ್ವಲ್ಪ ತಿಳಿ. ಸ್ವಲ್ಪ ಗಾಢ. ಸಾಲುಸಾಲಾಗಿ ನೀಲಿಗಳು ಬಂದುಹೋದವು. ಅಜ್ಜನ ಕಣ್ಣಲ್ಲಿ ನೀರಾಡಿತು. ಕೊನೆಗೆ ಅವರು ಅವಳ ಕೈ ಹಿಡಿದು ನಿಲ್ಲಿಸಿದರು.

"ಸಾಕು, ಮಗಳೇ. ಇಷ್ಟೆಲ್ಲಾ ನೋಡಿ ನೋಡಿ ಅವಳ ನೀಲಿ ಯಾವುದು ಅಂತಾನೇ ಈಗ ನಂಗೆ ಮರೆತುಹೋಯ್ತು."