ಇನ್ನೊಂದು ಉತ್ತರ ಕೇಳುತ್ತಿದ್ದ ಮೇಷ್ಟ್ರು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನನ್ನ ಸಹಪಾಠಿ ಹಳೇಬೀಡಿನ ಕೆರೆಯ ಹೂಳಿನಲ್ಲಿ ಸೊಂಟದವರೆಗೆ ಹೂತುಹೋದ. ಪುಳಿಯೋಗರೆ ತಿಂದು ಕೈ ತೊಳೆಯಲು ಇಳಿದವನು ಒದ್ದಾಡಿದಷ್ಟೂ ಕೆಳಗಿಳಿಯುತ್ತಿದ್ದ. ಅವನ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಅರಸೀಕೆರೆಯ ಕಾಲೇಜಿನಿಂದ ನಮ್ಮನ್ನು ಪ್ರವಾಸಕ್ಕೆ ಕರೆತಂದಿದ್ದವರು ಬಿ.ಎಸ್ಸಿ.ಯ ಫಿಜಿಕ್ಸ್ ಮೇಷ್ಟ್ರು. ಸರಿಯುತ್ತರ ಹೇಳಿದರೆ ಬೇರೆಯವರು "ಕೂತ್ಕೊ" ಎನ್ನುತ್ತಿದ್ದರು, ಇವರು ಕನ್ನಡಕದ ಮೇಲಿಂದ ನೋಡಿ, "ಸರಿ, ಇನ್ನೊಂದು?" ಎನ್ನುತ್ತಿದ್ದರು. ಒಮ್ಮೆ ತಮ್ಮ ಕೊಡೆಯನ್ನು ಮೇಜಿನ ಮೇಲಿಟ್ಟು, ಮಳೆ ಬಿಸಿಲು ಬಿಟ್ಟು ಇದರಿಂದ ಇನ್ನೇನು ಉಪಯೋಗವೆಂದು ಇಡೀ ಪೀರಿಯಡ್ಡು ಕೇಳಿದ್ದರು. "ಇದು ಪರೀಕ್ಷೆಗೆ ಬರತ್ತಾ ಸಾರ್?" ಎಂದು ನಾವು ನಕ್ಕಿದ್ದೆವು.

ಅಂದು ಕೆರೆಗೆ ನುಗ್ಗಹೊರಟ ನನ್ನ ಕಾಲರಿಗೆ ಅದೇ ಕೊಡೆಯ ಹಿಡಿಯನ್ನು ಸಿಕ್ಕಿಸಿ ಹಿಂದಕ್ಕೆಳೆದರು.

"ನೀನೂ ಇಳಿದ್ರೆ ಇಬ್ಬರಾಗ್ತೀರಿ ಅಷ್ಟೆ ಕಣೋ."

"ಊರಿಗೆ ಓಡಿ ಹಗ್ಗ ತರ್ತೀನಿ ಸಾರ್!"

"ಅಷ್ಟು ಹೊತ್ತಿಲ್ಲ. ಇನ್ನೊಂದು?"

ನಾನು ಉಟ್ಟಿದ್ದ ಪಂಚೆಯನ್ನು ಮೇಲೆತ್ತಿ ಕಟ್ಟಿ ಊರಿನ ದಾರಿಯನ್ನೇ ನೋಡಿದೆ. ಅವರು ತಮ್ಮ ಪಂಚೆ ಬಿಚ್ಚಿ ಹುರಿ ಮಾಡುತ್ತಾ, "ನಿಂದೂ ಬಿಚ್ಚೋ!" ಎಂದು ಗದರಿದರು. ಎರಡನ್ನೂ ಗಂಟು ಹಾಕಿ ಎಸೆದು, ಎಲ್ಲರೂ ಸೇರಿ ಅವನನ್ನು ದಡಕ್ಕೆಳೆದೆವು. ಪಟ್ಟೆಪಟ್ಟೆ ಚಡ್ಡಿಯಲ್ಲಿ ಉಳಿದ ಮೇಷ್ಟ್ರು ಕೊಡೆ ಬಿಚ್ಚಿ ಸೊಂಟಕ್ಕೆ ಮರೆ ಹಿಡಿದರು.

ಆಮೇಲೆ ಎಷ್ಟೋ ರಾತ್ರಿ ನಾನು ಬೆಚ್ಚಿ ಏಳುತ್ತಿದ್ದೆ. ಒಂದು ಸೋಮವಾರ ತರಗತಿಯಲ್ಲಿ ಮೇಷ್ಟ್ರು, "ಹೂಳಿಂದ ಬಚಾವಾಗೋಕೆ ಇನ್ನೊಂದು ದಾರಿ ಹೇಳ್ರಪ್ಪ" ಎಂದರು. ಬದುಕಿ ಬಂದವನೇ ಎದ್ದು ನಿಂತ.

"ಕೈಯನ್ನ ಪ್ಯಾಂಟಿಗೇ ಒರೆಸ್ಕೊಳ್ಳೋದು ಸಾರ್!"

"ಸರಿ, ಇನ್ನೊಂದು?"

ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆ ರಾತ್ರಿ ಬೆಳಗಿನವರೆಗೂ ನನಗೆ ಎಚ್ಚರವಾಗಲಿಲ್ಲ.