ತೂಗದೆ ಸೂಜಿಯಿಲ್ಲ

ಔಷಧಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅವನು ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಉದ್ದುದ್ದ ಡಿಗ್ರಿಗಳಿದ್ದವರೂ ಅವನನ್ನು ಇಲಿಯಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಒಳಗೊಳಗೇ ಹಿತವಾಗಿತ್ತು. ಬೆಳಿಗ್ಗೆ ಬಂದವನೇ ಒಂದೊಂದಾಗಿ ಪಂಜರ ಎಳೆದು, ತಳದಲ್ಲಿ ಹಾಸಿದ ಮರದ ಪುಡಿಯನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದ. ಸೋಂಕಿಗೆ ಕೊಡುವ ಜೆಂಟಾಮೈಸಿನ್ ಎಂಬ ಔಷಧಿ ಚುಚ್ಚಿದ ಇಲಿಗಳ ಪಂಜರದಲ್ಲಿ ಕೆಲವೇ ದಿನಕ್ಕೆ ಪುಡಿ ಒದ್ದೆಮುದ್ದೆ, ನೀರಿನ ಬಾಟಲಿ ಖಾಲಿ. ಆಮೇಲೆ ಇಲಿ ಮೂಲೆ ಹಿಡಿಯುತ್ತಿತ್ತು. "ಇದರ ಕಿಡ್ನಿ ಕೈಕೊಡ್ತಾ ಇದೆ" ಎಂದು ಅವನು ಹೇಳಿದ ಮರುದಿನ ರಕ್ತದ ವರದಿಯೂ ಅದನ್ನೇ ಹೇಳುತ್ತಿತ್ತು.

ಅವನದು ಒಂದೇ ಹಟ. ಔಷಧಿಯ ಪ್ರಮಾಣ ನಿಂತಿರುವುದು ಮೈತೂಕದ ಮೇಲೆ. ಆದ್ದರಿಂದ ಇಲಿಯನ್ನು ತಕ್ಕಡಿಗೆ ಹಾಕದೆ ಯಾರೂ ಸಿರಿಂಜ್ ಮುಟ್ಟಕೂಡದು. "ತೂಗದೆ ಸೂಜಿಯಿಲ್ಲ" ಎಂದು ತಾನೇ ಬರೆದು ಗೋಡೆಗೆ ಅಂಟಿಸಿದ್ದ. ಹೊಸ ಸಂಶೋಧಕಿಯೊಬ್ಬಳು ನಿನ್ನೆಯ ತೂಕವನ್ನೇ ನೆಚ್ಚಿಕೊಂಡಿದ್ದಕ್ಕೆ ಎಲ್ಲರೆದುರು ಅವಳ ಮರ್ಯಾದೆ ತೆಗೆದಿದ್ದ.

ಅಂಥವನ ಹೆಂಡತಿ ಜ್ವರದಲ್ಲಿ ನಡುಗುತ್ತ ಆಸ್ಪತ್ರೆ ಸೇರಿದಳು. ಮೂತ್ರದ ಸೋಂಕು ರಕ್ತಕ್ಕೆ ಏರಿತ್ತು. ಐದನೆಯ ದಿನ ನರ್ಸಿನ ತಟ್ಟೆಯಲ್ಲಿದ್ದ ಪುಟ್ಟ ಸೀಸೆಯ ಮೇಲೆ ಅವನ ಕಣ್ಣು ಬಿತ್ತು. ಜೆಂಟಾಮೈಸಿನ್.

ಇಲಿಗಳಿಗೆ ಕೊಡುವುದು ಇದರ ಎಷ್ಟೋ ಪಟ್ಟು, ಮನುಷ್ಯರಿಗೆ ಕೊಡುವುದು ಅಳೆದು ತೂಗಿ ಎಂಬುದು ಅವನಿಗೂ ಗೊತ್ತು. ಗೊತ್ತಿದ್ದರೇನು, ಹೆದರಿಕೆ ಲೆಕ್ಕ ಕೇಳುತ್ತದೆಯೇ? ಬೆಳಿಗ್ಗೆ ತುಂಬಿಸಿಟ್ಟ ನೀರಿನ ಜಗ್ಗು ಹತ್ತು ಗಂಟೆಗೇ ಬರಿದಾಗಿತ್ತು. ಅವಳ ಹಾಸಿಗೆಯ ಅಂಚನ್ನು ಬೆರಳಿನಿಂದ ಒತ್ತುತ್ತಿದ್ದಾಗ ಅವಳು ನೋಡಿಬಿಟ್ಟಳು.

"ನಾನೇನು ನಿಮ್ಮ ಇಲಿನಾ?" ಎಂದು ನಕ್ಕಳು. ಅವನಿಗೆ ನಗು ಬರಲಿಲ್ಲ.

ವಾರ್ಡಿನ ಡಾಕ್ಟರನ್ನು ಹಿಡಿದು ನಿಲ್ಲಿಸಿ, ಇದೇ ಔಷಧಿಗೆ ತನ್ನ ಇಲಿಗಳ ಕಿಡ್ನಿ ಕೆಡುವುದನ್ನು ಹೇಳಿದ. ಪಾಪ, ಆಕೆ ತಾಳ್ಮೆಯಿಂದಲೇ ಫೈಲು ತೆರೆದಳು. "ಹೆದರಬೇಡಿ, ತೂಕಕ್ಕೆ ಸರಿಯಾಗೇ ಕೊಡ್ತಿದ್ದೀವಿ. ಅರವತ್ತೆರಡು ಕೆಜಿ."

ತಲೆಯಾಡಿಸಿ ಎರಡು ಹೆಜ್ಜೆ ಹಾಕಿದವನು ನಿಂತುಬಿಟ್ಟ. ಅರವತ್ತೆರಡು ಎಂದು ಹೇಳಿದವರು ಯಾರು? ಅವನೇ. ಸೇರಿಸಿದ ದಿನ ಅವಳು ಸ್ಟ್ರೆಚರಿನ ಮೇಲೆ ನಡುಗುತ್ತಿದ್ದಾಗ ಯಾರೋ ತೂಕ ಕೇಳಿದ್ದರು. ಮನೆಯೊಡೆಯನ ಗತ್ತಿನಲ್ಲಿ, ಯೋಚಿಸದೆ ಹೇಳಿದ್ದ. ಅದು ಯಾವ ಕಾಲದ ತೂಕವೋ. ಈಚೆಗೆ ಉಂಗುರ ಬೆರಳಿನಿಂದ ಜಾರುತ್ತಿದೆ ಎಂದು ಅವಳು ಹೇಳಿದಾಗ ಅದಕ್ಕೆ ನೂಲು ಸುತ್ತಿಕೊಟ್ಟವನೂ ಅವನೇ.

ಮೊಗಸಾಲೆಯ ಕೊನೆಯಲ್ಲಿ ತೂಕದ ಯಂತ್ರವಿತ್ತು. ಅವಳನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ ಹತ್ತಿಸಿದ. ನಲವತ್ತಮೂರು. ಇಳಿಸಿ ಮತ್ತೆ ಹತ್ತಿಸಿದ. ನಲವತ್ತಮೂರೇ.

ಸಂಖ್ಯೆ ಕೇಳಿದ ಡಾಕ್ಟರ ಮುಖ ಬದಲಾಯಿತು. ಮುಂದಿನ ಇಂಜೆಕ್ಷನ್ ನಿಂತಿತು, ರಕ್ತ ಪರೀಕ್ಷೆಗೆ ಹೋಯಿತು. ವರದಿ ಬಂದಾಗ ಆಕೆ ಅವನನ್ನು ಪಕ್ಕಕ್ಕೆ ಕರೆದಳು. ನಾವೇ ತೂಗಿ ನೋಡಬೇಕಿತ್ತು ಎಂದೂ ಒಪ್ಪಿಕೊಂಡಳು.

"ಕಿಡ್ನಿಗೆ ಪೆಟ್ಟು ಬಿದ್ದಿದೆ. ಔಷಧಿ ಬದಲಾಯಿಸಿದ್ದೀವಿ. ಎಷ್ಟೋ ಜನಕ್ಕೆ ತಾನಾಗೇ ಸರಿಹೋಗುತ್ತೆ. ನೀವು ಇಂಥದ್ದನ್ನ ಎಷ್ಟು ನೋಡಿಲ್ಲ?"

ಅವನ ಪ್ರಯೋಗಾಲಯದಲ್ಲಿ ಹತ್ತನೆಯ ದಿನಕ್ಕೆ ಪರೀಕ್ಷೆ ಮುಗಿಯುತ್ತಿತ್ತು. ಇಲಿಯನ್ನು ಕೊಂದು ಕಿಡ್ನಿ ತೆಗೆದು ಸೀಸೆಗೆ ಹಾಕುತ್ತಿದ್ದರು. ಕೆಟ್ಟ ಕಿಡ್ನಿಗಳನ್ನು ಸಾವಿರಗಟ್ಟಲೆ ನೋಡಿದ್ದ. ಸರಿಹೋದದ್ದನ್ನು ಒಂದನ್ನೂ ನೋಡಿರಲಿಲ್ಲ. ಸರಿಹೋಗುವವರೆಗೆ ಯಾವ ಇಲಿಯನ್ನೂ ಯಾರೂ ಉಳಿಸಿರಲಿಲ್ಲ.

ಹಾಸಿಗೆಯ ಬಳಿ ಬಂದಾಗ ಅವಳು ಗೋಡೆಯ ಕಡೆ ತಿರುಗಿ ಮುದುಡಿ ಮಲಗಿದ್ದಳು.

"ನಿನ್ನ ತೂಕ ನಾನೇ ತಪ್ಪು ಹೇಳಿದ್ದೆ ಕಣೆ" ಎಂದ.

ಅವಳು ತಿರುಗದೆಯೇ ಕೈ ಚಾಚಿದಳು.

"ಬಾಯಾರ್ತಿದೆ ರೀ. ಒಂದ್ ಲೋಟ ನೀರು ಕೊಡಿ."